ಮೋಟಾರು ಕೊನೆಗಿರಲಿ

ರಿಮೋಟ್ ಗಾಡಿ ಕೊಂಡವರನ್ನು ನೆಂಟರಿಷ್ಟರು ಮೊದಲು ಕೇಳುವುದು, ಎಷ್ಟು ಸ್ಪೀಡ್ ಹೋಗುತ್ತದೆ ಎಂದು. ಬಂಡೆ ಹತ್ತುವುದಕ್ಕೆಂದೇ ಮಾಡಿದ ರಾಕ್ ಕ್ರಾಲರ್‌ನ ಮಟ್ಟಿಗೆ ಈ ಪ್ರಶ್ನೆಗೆ ಹುರುಳಿಲ್ಲ. ಅದು ಹೆಚ್ಚಿನ ಹೊತ್ತು ನಮ್ಮ ನಡಿಗೆಗಿಂತ ನಿಧಾನವಾಗಿ ಸಾಗುತ್ತದೆ. ತೊಡಕಿನ ಕಲ್ಲುಗಳ ನಡುವೆ ಒಂದು ಮಾರು ದೂರ ಕ್ರಮಿಸಲು ನಿಮಿಷಗಳೇ ಹಿಡಿಯುವುದುಂಟು. ಆದರೂ ಈ ಹವ್ಯಾಸಕ್ಕೆ ಹೊಸದಾಗಿ ಬಂದವರ ಹಣ ಹರಿಯುವುದು ಬಲದ ಕಡೆಗೇ. ಗಾಡಿ ಕೈಗೆ ಬಂದು ವಾರ ಕಳೆಯುವಷ್ಟರಲ್ಲಿ ದೊಡ್ಡ ಮೋಟಾರು ಬೇಕು, ಹೆಚ್ಚು ವೋಲ್ಟಿನ ಬ್ಯಾಟರಿ ಬೇಕು ಎಂಬ ಹಂಬಲ ಶುರುವಾಗುತ್ತದೆ. ಮಾರುವವರೂ ಅದಕ್ಕೇ ನೀರೆರೆಯುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ವಾದ. ಶುರುಮಾಡುವವರಿಗೆ ಚಿಕ್ಕದೊಂದು ಸಿದ್ಧ ಗಾಡಿ, ಒಂದಷ್ಟು ಕಲ್ಲು ಸಾಕು. ಆಮೇಲೂ ಹಣ ಹಾಕಬೇಕೆನಿಸಿದರೆ ಮೋಟಾರಿನ ಸರದಿ ಎಲ್ಲಕ್ಕಿಂತ ಕಡೆಗೆ.

ಲೆಕ್ಕ ಹಾಕಿ ನೋಡೋಣ. ನಿಜವಾದ ಜೀಪಿನ ಹತ್ತನೇ ಒಂದು ಅಳತೆಯ ಕ್ರಾಲರ್ ಹೆಚ್ಚುಕಡಿಮೆ 3 ಕೆ.ಜಿ. ತೂಗುತ್ತದೆ. ಅದು 45 ಡಿಗ್ರಿ ಏರನ್ನು ಸೆಕೆಂಡಿಗೆ 30 ಸೆಂ.ಮೀ.ನಂತೆ ಹತ್ತುತ್ತಿದೆ ಎಂದಿಟ್ಟುಕೊಳ್ಳಿ. ಕ್ರಾಲರ್‌ಗೆ ಇದು ಒಳ್ಳೆಯ ವೇಗವೇ. ಗುರುತ್ವದ ವಿರುದ್ಧ ಆ ಭಾರವನ್ನು ಮೇಲೆಳೆಯಲು ಬೇಕಾಗುವುದು 6 ವ್ಯಾಟ್‌ಗಿಂತ ಚೂರು ಹೆಚ್ಚು. ಗಿಯರಿನಲ್ಲಿ, ಬೇರಿಂಗಿನಲ್ಲಿ, ಟಯರು ಮಡಿದು ಬಿಚ್ಚಿಕೊಳ್ಳುವುದರಲ್ಲಿ ಇನ್ನಷ್ಟೇ ಪೋಲಾಗುತ್ತದೆಂದು ಹಿಡಿದರೂ 12–13 ವ್ಯಾಟ್ ದಾಟುವುದಿಲ್ಲ. ಕೋಣೆಯಲ್ಲಿ ಉರಿಯುವ ಒಂದು ಎಲ್‌ಇಡಿ ಬಲ್ಬಿನ ಆಸುಪಾಸಿನ ಶಕ್ತಿ ಅದು. ಗಾಡಿಯ ಜೊತೆಗೇ ಬರುವ ಸಾಧಾರಣ ಬ್ರಷ್ ಮೋಟಾರು ಇದರ ಹಲವು ಪಟ್ಟು ಕೊಡಬಲ್ಲದು.

ಹಾಗಾದರೆ ಗಾಡಿ ಬಂಡೆಯ ಅರ್ಧದಲ್ಲೇ ಸೋತು ನಿಲ್ಲುವುದೇಕೆ? ಹಿಡಿತ ಸಾಲದೆ. 45 ಡಿಗ್ರಿ ಏರಿನಲ್ಲಿ ಜಾರದಿರಬೇಕಾದರೆ ಟಯರಿಗೂ ಕಲ್ಲಿಗೂ ನಡುವಿನ ಘರ್ಷಣಾ ಗುಣಾಂಕ 1ಕ್ಕೆ ಕಡಿಮೆ ಇರಬಾರದು. ಪಿಯುಸಿಯ ಭೌತಶಾಸ್ತ್ರ ಓದಿದವರಿಗೆ ಇದು ಗೊತ್ತು. ಒಣಗಿದ ಒರಟು ಬಂಡೆಯ ಮೇಲೆ ಮೆತ್ತನೆಯ ರಬ್ಬರು ಆ ಮಟ್ಟ ಮುಟ್ಟಬಲ್ಲದು, ಆಟಿಕೆಗಳ ಗಡುಸು ಪ್ಲಾಸ್ಟಿಕ್ ಗಾಲಿ ಮುಟ್ಟಲಾರದು. ಮೋಟಾರನ್ನು ಎಷ್ಟು ದೊಡ್ಡದು ಮಾಡಿದರೂ ಈ ಅಂಕಿ ಕದಲುವುದಿಲ್ಲ. ಬದಲಿಗೆ ಕೇಡೇ ಹೆಚ್ಚು. ಬಲ ಜಾಸ್ತಿಯಾದಾಗ ಗಾಲಿ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಹಾಗೆ ಜಾರುತ್ತಿರುವ ಟಯರಿನ ಹಿಡಿತ, ಕಲ್ಲಿಗೆ ಕಚ್ಚಿಕೊಂಡು ನಿಧಾನ ಉರುಳುವ ಟಯರಿನ ಹಿಡಿತಕ್ಕಿಂತ ಕಡಿಮೆ. ಹತ್ತಲಾಗದ ಕಡೆ ರಿಮೋಟಿನ ಗುಂಡಿಯನ್ನು ಇನ್ನೂ ಒತ್ತುವವರು ತಮಗೆ ಬೇಕಾದದ್ದನ್ನೇ ಕಳೆದುಕೊಳ್ಳುತ್ತಿರುತ್ತಾರೆ.

ಎರಡನೆಯದು ಪಲ್ಟಿಯ ಲೆಕ್ಕ. ಗಾಡಿಯ ಗುರುತ್ವ ಕೇಂದ್ರದಿಂದ ಕೆಳಗೆಳೆದ ನೇರ ಗೆರೆ ಗಾಲಿಗಳ ಆಚೆ ಬಿದ್ದ ಕೂಡಲೇ ಅದು ಉರುಳುತ್ತದೆ. ಎಡಬಲ ಗಾಲಿಗಳ ನಡುವೆ 20 ಸೆಂ.ಮೀ. ಅಂತರವಿದ್ದು, ಗುರುತ್ವ ಕೇಂದ್ರ ನೆಲದಿಂದ 10 ಸೆಂ.ಮೀ. ಎತ್ತರದಲ್ಲಿದ್ದರೆ, ಅಡ್ಡಕ್ಕೆ 45 ಡಿಗ್ರಿ ವಾಲುವವರೆಗೆ ಗಾಡಿ ತಡೆದುಕೊಳ್ಳುತ್ತದೆ. ಆ ಕೇಂದ್ರವನ್ನು 2 ಸೆಂ.ಮೀ. ಕೆಳಗಿಳಿಸಿ: 51 ಡಿಗ್ರಿಯವರೆಗೆ ನಿಲ್ಲುತ್ತದೆ. ಉದ್ದಕ್ಕೂ ಇದೇ ನ್ಯಾಯ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 31 ಸೆಂ.ಮೀ. ಇರುವ ಗಾಡಿಯ ಗುರುತ್ವ ಕೇಂದ್ರ ಮೊದಲಿನಂತೆ 10 ಸೆಂ.ಮೀ. ಎತ್ತರದಲ್ಲೇ ಇದ್ದು, ತೂಕ ಎರಡೂ ಕಡೆ ಸಮನಾಗಿದ್ದರೆ, 45 ಡಿಗ್ರಿ ಏರಿನಲ್ಲಿ ಬಂಡೆಯನ್ನು ಒತ್ತುವ ಭಾರದಲ್ಲಿ ಮುಂದಿನ ಗಾಲಿಗಳ ಪಾಲು ಶೇ. 18ಕ್ಕೆ ಇಳಿಯುತ್ತದೆ. ಸಮನೆಲದಲ್ಲಿ ಶೇ. 60 ಭಾರ ಮುಂದಿರುವಂತೆ ಮೊದಲೇ ಹೊಂದಿಸಿದ್ದರೆ ಅದೇ ಏರಿನಲ್ಲಿ ಶೇ. 28 ಉಳಿಯುತ್ತದೆ. ಬ್ಯಾಟರಿಯನ್ನು ಹಿಂದಿನಿಂದ ಮುಂದಕ್ಕೆ, ಮೇಲಿನಿಂದ ಕೆಳಕ್ಕೆ ಸರಿಸಿದರೆ ಈ ವ್ಯತ್ಯಾಸದ ದೊಡ್ಡ ಪಾಲು ಕೈಗೆ ಬರುತ್ತದೆ. ಅದಕ್ಕೆ ಖರ್ಚು ಏನೂ ಇಲ್ಲ.

ಈ ತಿಳಿವಳಿಕೆ ಹವ್ಯಾಸಿಗಳಿಗೆ ಬಂದದ್ದು ಅಂಗಡಿಯ ಕಡೆಯಿಂದಲ್ಲ. ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿ ತನ್ನ ಮೊದಲ ರೇಡಿಯೊ ಕಾರಾಗಿ ಪೋರ್ಷೆ 934 ಮಾದರಿಯನ್ನು ತಂದದ್ದು 1976ರಲ್ಲಿ. ಅದು ಓಡುವ ಕಾರು. 1981ರಲ್ಲಿ ಅದೇ ಕಂಪನಿಯ ಟೊಯೋಟಾ ಹೈಲಕ್ಸ್ ಬಂತು. ನಾಲ್ಕೂ ಗಾಲಿಗೆ ಬಲ, ಮೂರು ಗಿಯರು, ಲೋಹದ ಚಾಸಿ, ನಿಜವಾದ ಲಾರಿಯಂತೆ ಪಟ್ಟಿ ಸ್ಪ್ರಿಂಗು. 1987ರ ಕ್ಲಾಡ್ ಬಸ್ಟರ್‌ನಲ್ಲಿ ಎರಡು ಅಚ್ಚುಗಳಿಗೂ ಬೇರೆಬೇರೆ ಮೋಟಾರು ಇತ್ತು. ಯೂಟಾದ ಮೊಆಬ್, ಕ್ಯಾಲಿಫೋರ್ನಿಯಾದ ರುಬಿಕಾನ್ ಹಾದಿಯಂಥ ಕಡೆ ನಿಜವಾದ ಜೀಪುಗಳು ಬಂಡೆ ಹತ್ತುವುದನ್ನು ಕಂಡಿದ್ದ ಅಮೆರಿಕದ ಹವ್ಯಾಸಿಗಳು ಇಂಥ ಗಾಡಿಗಳನ್ನು ಬಿಚ್ಚಿ, ಅಚ್ಚುಗಳನ್ನು ಕಿತ್ತು, ಹೊಸ ಚಾಸಿಗೆ ಜೋಡಿಸಿ ತಮ್ಮ ಕ್ರಾಲರ್‌ಗಳನ್ನು ತಾವೇ ಮಾಡಿಕೊಂಡರು. ಕಂಪನಿಗಳು ಎಚ್ಚೆತ್ತದ್ದು ಆಮೇಲೆ: 2009ರ ಸುಮಾರಿಗೆ ಆಕ್ಸಿಯಲ್‌ನ ಎಸ್‌ಸಿಎಕ್ಸ್10, 2017ರಲ್ಲಿ ಟ್ರಾಕ್ಸಸ್‌ನ ಟಿಆರ್‌ಎಕ್ಸ್-4. ಈಚಿನ ವರ್ಷಗಳಲ್ಲಿ ಇವುಗಳ ಮರಿಗಳೂ ಬಂದಿವೆ. ಇಪ್ಪತ್ತನಾಲ್ಕನೇ ಒಂದು ಅಳತೆಯ ಎಸ್‌ಸಿಎಕ್ಸ್24 ಅಂಗೈ ಮೇಲೆ ಕೂರುತ್ತದೆ. 2022ರ ಟಿಆರ್‌ಎಕ್ಸ್-4ಎಂ ಹದಿನೆಂಟನೇ ಒಂದು ಅಳತೆಯದು.

ಹೀಗೆ ರೂಪುಗೊಂಡ ಕ್ರಾಲರ್‌ನಲ್ಲಿ ಹಿಡಿತಕ್ಕೆಂದೇ ಮಾಡಿದ ಏರ್ಪಾಡುಗಳಿವೆ. ಸಾಧಾರಣ ಕಾರಿನಲ್ಲಿರುವ ಡಿಫರೆನ್ಷಿಯಲ್ ತಿರುವಿನಲ್ಲಿ ಎಡಬಲ ಗಾಲಿಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುತ್ತದೆ. ರಸ್ತೆಯಲ್ಲಿ ಅದು ಉಪಕಾರಿ. ಬಂಡೆಯ ಮೇಲೆ ಒಂದು ಗಾಲಿ ಗಾಳಿಗೆದ್ದ ಕೂಡಲೇ ಆ ಗಾಲಿ ಸುಮ್ಮನೆ ಸುತ್ತುತ್ತದೆ, ಕಲ್ಲಿನ ಮೇಲಿರುವ ಗಾಲಿ ನಿಂತುಬಿಡುತ್ತದೆ. ಅದಕ್ಕೇ ಹೆಚ್ಚಿನ ಕ್ರಾಲರ್‌ಗಳಲ್ಲಿ ಡಿಫರೆನ್ಷಿಯಲನ್ನು ಲಾಕ್ ಮಾಡಿರುತ್ತಾರೆ. ಒಂದು ಅಚ್ಚಿನ ಎರಡೂ ಗಾಲಿ ಒಟ್ಟಿಗೇ ತಿರುಗುತ್ತವೆ. ಟಿಆರ್‌ಎಕ್ಸ್-4ನಲ್ಲಿ ರಿಮೋಟಿನಿಂದಲೇ ಲಾಕ್ ಹಾಕಬಹುದು, ತೆಗೆಯಬಹುದು. ಲಾಕ್ ಆದ ಗಾಡಿ ಸಲೀಸಾಗಿ ತಿರುಗುವುದಿಲ್ಲ, ಹೆಚ್ಚು ಜಾಗ ಕೇಳುತ್ತದೆ. ಹೊಸಬರು ಇದನ್ನು ಗಾಡಿಯ ದೋಷವೆಂದುಕೊಳ್ಳುತ್ತಾರೆ. ಹತ್ತುವ ಶಕ್ತಿಗೆ ತೆತ್ತ ಬೆಲೆ ಅದು. ಟಯರಿನೊಳಗೆ ಗಾಳಿ ತುಂಬಿರುವುದಿಲ್ಲ, ಸ್ಪಂಜು ಇರುತ್ತದೆ. ರಿಮ್ಮಿನಲ್ಲೋ ಟಯರಿನಲ್ಲೋ ಸಣ್ಣ ತೂತಿರುತ್ತದೆ. ಭಾರ ಬಿದ್ದಾಗ ಒಳಗಿನ ಗಾಳಿ ಹೊರಹೋಗಿ ರಬ್ಬರು ಕಲ್ಲಿನ ಆಕಾರಕ್ಕೆ ಒಗ್ಗಲಿ ಎಂದು.

ಇಷ್ಟು ಸಿದ್ಧತೆ ಗಾಡಿಯಲ್ಲೇ ಇದೆ. ಉಳಿದದ್ದು ನಡೆಸುವವರ ಕಣ್ಣಿಗೆ, ಬೆರಳಿಗೆ ಬಿಟ್ಟದ್ದು, ಮತ್ತು ಈ ಹವ್ಯಾಸದ ಸಾರವೆಲ್ಲ ಅಲ್ಲೇ ಇದೆ. ಗಾಡಿ ಬಿಡುವ ಮೊದಲು ಬಂಡೆಯನ್ನು ನೋಡಬೇಕು. ಯಾವ ಕಲ್ಲಿನ ಮೇಲೆ ಯಾವ ಗಾಲಿ ಹೋಗಬೇಕು, ಆಗ ಎದುರು ಮೂಲೆಯ ಗಾಲಿ ಎಲ್ಲಿರುತ್ತದೆ, ಹೊಟ್ಟೆ ಯಾವುದಕ್ಕೆ ತಾಗುತ್ತದೆ ಎಂದು ಮೊದಲೇ ಎಣಿಸಬೇಕು. ಹೊಸಬರ ಸಹಜ ಚಾಳಿ ಎಂದರೆ ಎದ್ದು ನಿಂತ ಕಲ್ಲನ್ನು ಎರಡು ಗಾಲಿಗಳ ನಡುವೆ ತೂರಿಸುವುದು. ರಸ್ತೆಯಲ್ಲಿ ಹಾಗೇ ಮಾಡುತ್ತೇವಲ್ಲ. ಇಲ್ಲಿ ಹಾಗೆ ಮಾಡಿದರೆ ಗಾಡಿಯ ಹೊಟ್ಟೆ ಕಲ್ಲಿನ ಮೇಲೆ ಕುಳಿತು ಗಾಲಿಗಳು ಗಾಳಿಯಲ್ಲಿ ಆಡುತ್ತವೆ. ಎತ್ತರದ ಕಲ್ಲಿನ ಮೇಲೆ ಗಾಲಿಯನ್ನೇ ಹತ್ತಿಸಬೇಕು, ಹೊಟ್ಟೆ ತಾನಾಗಿ ಮೇಲೇಳುತ್ತದೆ. ಮೆಟ್ಟಿಲಿನಂಥ ನೇರ ಎತ್ತರ ಬಂದರೆ ಎರಡೂ ಮುಂಗಾಲಿಯನ್ನು ಒಟ್ಟಿಗೆ ಕೊಡದೆ, ಕೊಂಚ ಓರೆಯಾಗಿ ಬಂದು, ಒಂದು ಹತ್ತಿದ ಮೇಲೆ ಇನ್ನೊಂದನ್ನು ಹತ್ತಿಸಿದರೆ ಬಹಳ ಸಲ ದಾರಿ ಸಿಗುತ್ತದೆ. ತೀರಾ ಓರೆಯಾದರೆ ಪಲ್ಟಿ. ಎಷ್ಟು ಓರೆ ಎಂಬುದನ್ನು ಪುಸ್ತಕದಿಂದ ಕಲಿಯಲಾಗದು. ಆ ಕಲ್ಲು, ಆ ಗಾಡಿ, ಆ ದಿನದ ತೇವ ಸೇರಿ ಅದನ್ನು ಹೇಳುತ್ತವೆ.

ಸಿಕ್ಕಿಕೊಂಡಾಗ ಹಿಂದೆ ಬರುವುದರಲ್ಲಿ ತಪ್ಪೇನೂ ಇಲ್ಲ. ಸ್ಪರ್ಧೆಗಳಲ್ಲಿ ಮಾತ್ರ ಹಿಂದೆ ಸರಿದರೆ ದಂಡದ ಅಂಕ ಬೀಳುತ್ತದೆ, ದಾರಿ ಗುರುತಿಸುವ ಗೇಟಿನ ಕಂಬ ಮುಟ್ಟಿದರೆ ಇನ್ನೂ ಹೆಚ್ಚು ಬೀಳುತ್ತದೆ. ಅಂಕ ಕಡಿಮೆ ಇರುವವರು ಗೆಲ್ಲುತ್ತಾರೆ. ವೇಗಕ್ಕೆ ಬಹುಮಾನವಿಲ್ಲದ, ತಪ್ಪು ಹೆಜ್ಜೆ ಇಡದವರನ್ನು ಮೆಚ್ಚುವ ಈ ನಿಯಮವೇ ನನ್ನ ವಾದವನ್ನು ಬೆಂಬಲಿಸುತ್ತದೆ. ಮನೆಯ ಹಿತ್ತಲಿನಲ್ಲಿ ಯಾರೂ ಅಂಕ ಹಾಕುವುದಿಲ್ಲ. ಅರ್ಧ ಅಡಿ ಹಿಂದೆ ಬಂದು, ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿದು ಮತ್ತೆ ಪ್ರಯತ್ನಿಸಬೇಕು. ಗಾಲಿ ತಿರುಗದೆ ಸಿಕ್ಕಿಬಿದ್ದಾಗ ಗುಂಡಿ ಒತ್ತಿಯೇ ಇದ್ದರೆ ನಿಂತ ಮೋಟಾರಿನಲ್ಲಿ ಕರೆಂಟು ಏರಿ ಸುರುಳಿ ಸುಟ್ಟುಹೋಗುತ್ತದೆ. ಮೋಟಾರು ಸುಟ್ಟಿತು, ಇನ್ನೂ ದೊಡ್ಡದು ಬೇಕು ಎನ್ನುವವರಲ್ಲಿ ಹಲವರ ಕಥೆ ಇದೇ.

ಯಾವ ಗಾಡಿ ಕೊಳ್ಳಬೇಕು ಎಂಬುದಕ್ಕೆ ಹೆಸರು ಹೇಳುವುದಕ್ಕಿಂತ ಎರಡು ಪರೀಕ್ಷೆ ಹೇಳುವುದು ಮೇಲು. ಮೊದಲನೆಯದು: ಗುಂಡಿಯನ್ನು ಚೂರು ಒತ್ತಿದರೆ ಗಾಡಿ ಚೂರು ಚಲಿಸಬೇಕು, ರಿಮೋಟಿನ ಚಕ್ರವನ್ನು ಚೂರು ತಿರುಗಿಸಿದರೆ ಮುಂಗಾಲಿ ಅಷ್ಟೇ ತಿರುಗಬೇಕು. ಅಗ್ಗದ ಆಟಿಕೆ ಗಾಡಿಗಳಲ್ಲಿ ಅನೇಕಕ್ಕೆ ಗೊತ್ತಿರುವುದು ಎರಡೇ ಸ್ಥಿತಿ, ಪೂರ್ತಿ ಓಟ ಅಥವಾ ಪೂರ್ತಿ ನಿಲುಗಡೆ. ಅಂಥದ್ದು ನೋಡಲು ಎಷ್ಟೇ ಚೆಂದವಿದ್ದರೂ, ಅದರ ಮೇಲೆ ಎಂಥ ದೊಡ್ಡ ಟಯರು ಕೂರಿಸಿದ್ದರೂ, ಬಂಡೆ ಹತ್ತುವುದನ್ನು ಕಲಿಸಲಾರದು. ಎರಡನೆಯ ಪರೀಕ್ಷೆ ಬಿಡಿಭಾಗದ್ದು. ಮುರಿಯುವ ಗಿಯರು, ಅಚ್ಚಿನ ಕಡ್ಡಿ, ಮುಂಗಾಲಿಗಳನ್ನು ತಿರುಗಿಸುವ ಸ್ಟೀರಿಂಗ್ ಸರ್ವೋ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಸಣ್ಣ ಮಾದರಿ ಗಾಡಿಗಳನ್ನೂ ಸುಂಕದ ಪಟ್ಟಿ ಆಟಿಕೆಗಳ ಜೊತೆಗೇ ಇಡುತ್ತದೆ. ಹೊರದೇಶದಿಂದ ತರಿಸಿದ ಒಂದು ಸಣ್ಣ ಭಾಗವೂ ಇಲ್ಲಿಗೆ ಬರುವಷ್ಟರಲ್ಲಿ ದುಬಾರಿಯಾಗುತ್ತದೆ. ಚೀನಾದ ಡಬ್ಲ್ಯೂಪಿಎಲ್, ಎಂಎನ್‌ನಂಥ ಅಗ್ಗದ ಗಾಡಿಗಳನ್ನು ಹಳಬರು ಹೀಗಳೆಯುವುದನ್ನು ಕೇಳಿದ್ದೇನೆ. ನನಗೆ ಅದು ಸರಿಕಾಣುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಪಾಸಾಗುವ ಮಾದರಿಯಾಗಿದ್ದು, ಭಾಗಗಳು ಕೈಗೆಟುಕುವಂತಿದ್ದರೆ, ದಿನವೂ ಧೈರ್ಯವಾಗಿ ಓಡಿಸುವ ಅಗ್ಗದ ಗಾಡಿ, ಗೀರು ಬಿದ್ದೀತೆಂದು ಕಪಾಟಿನಲ್ಲಿಟ್ಟ ದುಬಾರಿ ಗಾಡಿಗಿಂತ ಹೆಚ್ಚು ಕಲಿಸುತ್ತದೆ.

ಹಳಬರ ಇನ್ನೊಂದು ಮಾತಿಗೆ ಹೆಚ್ಚು ಗೌರವದಿಂದ ಉತ್ತರಿಸಬೇಕು. ಸಿದ್ಧ ಗಾಡಿ ಕೊಳ್ಳಬೇಡಿ, ಬಿಡಿಬಿಡಿಯಾಗಿ ಬರುವ ಕಿಟ್ ತಂದು ನೀವೇ ಕಟ್ಟಿ, ಆಗಲೇ ಗಾಡಿ ಅರ್ಥವಾಗುವುದು ಎನ್ನುತ್ತಾರೆ ಅವರು. ಕಟ್ಟಿದವರಿಗೆ ರಿಪೇರಿ ಸುಲಭ ಎನ್ನುವುದು ನಿಜ. ಆದರೆ ಎಂದೂ ಬಂಡೆ ಹತ್ತಿಸದವರು ಕಟ್ಟುವಾಗ ಒಂದು ಭಾಗ ಅಲ್ಲೇ ಏಕಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಚಿತ್ರ ನೋಡಿ ಸ್ಕ್ರೂ ಬಿಗಿಯುತ್ತಾರೆ, ಅಷ್ಟೆ. ಕಿಟ್ಟಿನ ಜೊತೆ ರೇಡಿಯೊ, ಸರ್ವೋ, ಮೋಟಾರು, ವೇಗ ನಿಯಂತ್ರಕಗಳನ್ನು ಬಹುಪಾಲು ಬೇರೆಯಾಗಿಯೇ ಆರಿಸಿಕೊಳ್ಳಬೇಕು. ಆರಿಸುವ ಅಳತೆಗೋಲೇ ಇಲ್ಲದ ಹೊಸಬರು ಮತ್ತೆ ಬಲದ ಅಂಕಿಗಳ ಬೆನ್ನು ಹತ್ತುತ್ತಾರೆ. ಸಿದ್ಧ ಗಾಡಿ ಮೊದಲ ಸಲ ಮುರಿದಾಗ ಅಂಗಡಿಗೆ ಒಯ್ಯದೆ, ಅಲೆನ್ ಕೀ ಹಿಡಿದು ತಾವೇ ಬಿಚ್ಚಿದರೆ ಕಿಟ್ ಕಲಿಸುವುದನ್ನು ಅದೂ ಕಲಿಸುತ್ತದೆ, ಕಾರಣ ಸಮೇತ. ಬಿಚ್ಚದೇ ಇರುವವರ ಬಗ್ಗೆ ಹಳಬರು ಹೇಳುವುದು ಮಾತ್ರ ಸರಿ: ಅವರಿಗೆ ದಕ್ಕುವುದು ಅರ್ಧ ಹವ್ಯಾಸ.

ಹಣ ಹಾಕುವ ಕ್ರಮ ಈಗ ತಾನಾಗಿ ಹೊಳೆಯಬೇಕು. ಮೊದಲು ಮೆತ್ತನೆಯ ಟಯರು. ಆಮೇಲೆ ಕೆಳಗೆ, ಮುಂದೆ ಭಾರ. ಮುಂದಿನ ಅಚ್ಚಿನ ತುದಿಗೆ ಹಾಕುವ ಹಿತ್ತಾಳೆಯ ತುಂಡುಗಳು ಇದಕ್ಕೆಂದೇ ಸಿಗುತ್ತವೆ. ರೇಸ್ ಕಾರಿನಲ್ಲಿ ಸ್ಪ್ರಿಂಗಿನ ಕೆಳಗಿನ ಭಾರ ಶಾಪವಿದ್ದಂತೆ, ಉಬ್ಬುತಗ್ಗಿನಲ್ಲಿ ಗಾಲಿಯನ್ನು ನೆಲದಿಂದ ಚಿಮ್ಮಿಸುತ್ತದೆ. ಇಲ್ಲಿ ಚಿಮ್ಮುವಷ್ಟು ವೇಗವೇ ಇಲ್ಲದ್ದರಿಂದ ಅದೇ ಭಾರ ವರವಾಗುತ್ತದೆ. ಅತಿಯಾಗಬಾರದು, ಅಚ್ಚಿನ ಕಡ್ಡಿಗಳು ತುಂಡಾಗುತ್ತವೆ. ಮೂರನೆಯದು ಲೋಹದ ಗಿಯರಿನ ಗಟ್ಟಿ ಸರ್ವೋ. ಎರಡು ಕಲ್ಲಿನ ನಡುವೆ ಸಿಕ್ಕಿದ ಗಾಲಿಯನ್ನು ತಿರುಗಿಸುವ ಶಕ್ತಿ ಮೋಟಾರಿನದಲ್ಲ, ಸರ್ವೋದ್ದು. ಇವೆಲ್ಲ ಮುಗಿದು, ಗಾಡಿ ತೆವಳುವಾಗ ತಡವರಿಸುತ್ತಿದೆ ಅನಿಸಿದರೆ ಆಗ ಮೋಟಾರು ಬದಲಿಸಿ. ಆಗಲೂ ಕೇಳಬೇಕಾದದ್ದು ತೀರಾ ಕಡಿಮೆ ವೇಗದಲ್ಲಿ ಅದು ಎಷ್ಟು ನಯವಾಗಿ ತಿರುಗುತ್ತದೆ ಎಂದು.

ಬ್ಯಾಟರಿಯ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ, ಎಚ್ಚರಿಕೆಯಷ್ಟೇ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗಿಳಿದರೆ ಕೆಡುತ್ತದೆ. ಅದಕ್ಕೆಂದೇ ಮಾಡಿದ, ಕೋಶಗಳನ್ನು ಸಮತೂಗಿಸುವ ಚಾರ್ಜರಿನಲ್ಲಿ ಮಾತ್ರ ಚಾರ್ಜ್ ಮಾಡಬೇಕು. ಎದುರಿಗೇ ಇರಬೇಕು, ಹಾಕಿ ಮಲಗಬಾರದು. ಕೆಲವು ದಿನ ಬಳಸುವುದಿಲ್ಲವೆಂದರೆ ಕೋಶಕ್ಕೆ 3.8 ವೋಲ್ಟಿನ ಸುತ್ತಮುತ್ತ ಇರಿಸಬೇಕು. ಊದಿಕೊಂಡದ್ದನ್ನು ಮತ್ತೆ ಮುಟ್ಟಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗುವುದಂತೂ ಬೆಂಕಿಗೆ ಆಹ್ವಾನ. ವಿದೇಶದಲ್ಲಿರುವ ಅಣ್ಣನೋ ಅಕ್ಕನೋ ಊರಿಗೆ ಬರುವಾಗ ತರಲೆಂದು ಹೇಳುವವರು ಇದನ್ನೂ ಹೇಳಿ: ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಇನ್ನು ಜಾಗ. ಕರ್ನಾಟಕದ ಬಯಲುಸೀಮೆಯವರಿಗೆ ಬಂಡೆಯ ಬರವಿಲ್ಲ; ಮಳೆಬಿಸಿಲಿಗೆ ಒರಟಾದ ನಮ್ಮ ಕಲ್ಲಿನಷ್ಟು ಒಳ್ಳೆಯ ಹಿಡಿತ ಕೊಡುವ ನೆಲ ಸಿಗುವುದು ಕಷ್ಟ. ಹಾಗೆಂದು ಎಲ್ಲ ಬಂಡೆಯೂ ನಮ್ಮ ಆಟಕ್ಕಿಲ್ಲ. 300 ಕೋಟಿ ವರ್ಷದ ಲಾಲ್‌ಬಾಗ್ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ. ಹಂಪಿಯ ಕಲ್ಲುಮೆಟ್ಟಿಲು, ಮಂಟಪಗಳ ಮೇಲೆ ಗಾಡಿ ಹತ್ತಿಸಿ ವಿಡಿಯೊ ಮಾಡುವ ಆಸೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಚಿವುಟಬೇಕು. ಗಾಡಿ ಹಗುರ, ಏನೂ ಆಗುವುದಿಲ್ಲ ಎಂಬ ಸಮಜಾಯಿಷಿ ನನಗೆ ಒಪ್ಪಿತವಲ್ಲ. ಜಾರುವ ಗಾಲಿ ಬಂಡೆಯ ಮೇಲಿನ ಪಾಚಿ, ಕಲ್ಲುಹೂಗಳನ್ನು ಕೆರೆದು ತೆಗೆಯುತ್ತದೆ. ಅವು ಮತ್ತೆ ಬೆಳೆಯಲು ವರ್ಷಗಳು ಬೇಕು. ತೊರೆಯಲ್ಲಿ ಓಡಿಸಿದ ಗಾಡಿಯ ಗ್ರೀಸು ನೀರಿಗೆ ಸೇರುತ್ತದೆ. ಪಶ್ಚಿಮಘಟ್ಟದ ಹುಲ್ಲುಗಾವಲಿನಲ್ಲಿ ನಿಜವಾದ ಜೀಪು ನುಗ್ಗಿಸಿ ನೆಲ ಸೀಳುವವರನ್ನು ನಾವು ಟೀಕಿಸುವುದಾದರೆ, ನಮ್ಮ ಪುಟ್ಟ ಗಾಡಿಗೂ ಅದೇ ಅಳತೆ ಹಾಕಿಕೊಳ್ಳಬೇಕು. ಈ ಹವ್ಯಾಸದ ದೊಡ್ಡ ಅನುಕೂಲವೇ ಕಾಡಿಗೆ ಹೋಗಬೇಕಾಗಿಲ್ಲ ಎನ್ನುವುದು. ಮನೆ ಕಟ್ಟುವ ಕಡೆ ಉಳಿದ ಸೈಜುಗಲ್ಲುಗಳನ್ನು ಕೇಳಿ ತಂದು ಹಿತ್ತಲಿನ ಮೂಲೆಯಲ್ಲಿ ಪೇರಿಸಿದರೆ ಅದೇ ಮೊಆಬ್, ಅದೇ ರುಬಿಕಾನ್. ಬೇಸರ ಬಂದಾಗ ಕಲ್ಲುಗಳನ್ನು ಅದಲುಬದಲು ಮಾಡಿದರೆ ಹೊಸ ದಾರಿ ಸಿದ್ಧ. ಇಪ್ಪತ್ತನಾಲ್ಕನೇ ಒಂದು ಅಳತೆಯ ಗಾಡಿಗಾದರೆ ಹೂಕುಂಡಗಳ ನಡುವಿನ ಹತ್ತಿಪ್ಪತ್ತು ಕಲ್ಲೇ ಒಂದು ಬೆಟ್ಟ.

ಈಗಾಗಲೇ ಈ ಹವ್ಯಾಸದಲ್ಲಿ ಇರುವವರಲ್ಲಿ ನನ್ನದೊಂದು ವಿನಂತಿ. ಯಾರಾದರೂ ಬಂದು, ಶುರುಮಾಡಬೇಕು, ಏನೇನು ಕೊಳ್ಳಲಿ ಎಂದು ಕೇಳಿದರೆ ಭಾಗಗಳ ಪಟ್ಟಿ ಬರೆದುಕೊಡಬೇಡಿ. ನಿಮ್ಮ ಗಾಡಿಯ ರಿಮೋಟನ್ನು ಅವರ ಕೈಗೆ ಕೊಟ್ಟು, ಅರ್ಧ ಗಂಟೆ ಕಲ್ಲಿನ ರಾಶಿಯ ಮೇಲೆ ಬಿಡಿ. ಸಿಕ್ಕಿಕೊಂಡರೆ ಬಾಯಿ ಹಾಕಬೇಡಿ, ಅವರೇ ಬಿಡಿಸಿಕೊಳ್ಳಲಿ. ಏನು ಕೊಳ್ಳಬೇಕೆಂದು ಅದಾದ ಮೇಲೆ ಮಾತಾಡಿ.